ಬಾಲದಲ್ಲೇ ರುಚಿ ಜಾಸ್ತಿ

ದೊಡ್ಡ ದಿನಸಿ ಅಂಗಡಿಯ ಕಟ್ಟಕಡೆಯ ಮೂಲೆಯಲ್ಲಿ, ಹಾಲಿನ ಫ್ರಿಜ್ಜುಗಳನ್ನು ದಾಟಿ ಹೋದರೆ, ಮೀನಿನ ಕೌಂಟರ್ ಸಿಗುತ್ತದೆ. ಪುಡಿ ಐಸಿನ ಹಾಸಿಗೆ, ಅದರ ಮೇಲೆ ಸಾಲಾಗಿ ಮಲಗಿದ ಮೀನು, ಹಿಂದೆ ಬಿಳಿ ಏಪ್ರನ್ನು, ರಬ್ಬರ್ ಬೂಟು ತೊಟ್ಟ ಗಿಡ್ಡನೆಯ ಹೆಂಗಸು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇದೆ. ಆದರೆ ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕಿಯಾಳು. ಗಿರಾಕಿಗಳಿಗೂ ಜೊತೆಯ ಕೆಲಸದವರಿಗೂ ಅವಳು ಚೂರಿಯಕ್ಕ.

ಆ ಚೂರಿಯೇನು ಯಾರೋ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಅವಳು ಕೆಲಸಕ್ಕೆ ಸೇರಿದ್ದು ಐಸಿನ ಟ್ರೇ ತೊಳೆಯಲು. ಆಗ ಮೀನು ಕತ್ತರಿಸುತ್ತಿದ್ದವನು ಒಬ್ಬ ದಪ್ಪ ಮೀಸೆಯವನು. "ಹೆಂಗಸರ ಕೈಗೆ ಚೂರಿ ಕೊಟ್ರೆ ಮೀನಿನ ಜೊತೆ ಬೆರಳೂ ತೂಕಕ್ಕೆ ಬರುತ್ತೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಒಂದು ಶನಿವಾರ ಅವನು ಹೇಳದೆ ಕೇಳದೆ ರಜೆ ಹಾಕಿದ. ಗಿರಾಕಿಗಳ ಸಾಲು ಹಾಲಿನ ಫ್ರಿಜ್ಜಿನವರೆಗೆ ಬೆಳೆದಿತ್ತು, ಮ್ಯಾನೇಜರ್ ಚೂರಿ ಹಿಡಿದು ಮೀನಿನ ಕಡೆ ನೋಡುತ್ತಿದ್ದರೆ ಯಾರು ಯಾರನ್ನು ಕತ್ತರಿಸುತ್ತಾರೆ ಅನ್ನುವ ಅನುಮಾನ ಬರುವಂತಿತ್ತು. ಅವಳು ಕೈ ಒರೆಸಿಕೊಂಡು ಬಂದು "ಕೊಡಿ ಇಲ್ಲಿ" ಎಂದಳು. ಮೀಸೆಯವನು ಹಿಂತಿರುಗುವ ಹೊತ್ತಿಗೆ ಗಿರಾಕಿಗಳು "ಆ ಅಕ್ಕನೇ ಕತ್ತರಿಸಲಿ" ಎನ್ನತೊಡಗಿದ್ದರು. ಅವನೀಗ ಈರುಳ್ಳಿ ವಿಭಾಗದಲ್ಲಿದ್ದಾನೆ. ಅಲ್ಲಿ ಕಣ್ಣೀರು ಹಾಕಿದರೂ ಯಾರೂ ಯಾಕೆಂದು ಕೇಳುವುದಿಲ್ಲ.

ಸಂಜೆ ಆಫೀಸು ಬಿಟ್ಟವರು ಸುಸ್ತಾದ ಮುಖ ಹೊತ್ತು ಕೌಂಟರಿಗೆ ಬಂದರೆ ಅವಳದು ಒಂದೇ ಉಪದೇಶ.

"ಸಾಲ್ಮನ್ ತಗೊಳ್ಳಿ. ಏನೂ ಕಷ್ಟ ಇಲ್ಲ. ಓವನ್ ಚೆನ್ನಾಗಿ ಕಾಯಲಿ. ಟ್ರೇಗೆ ಕಾಗದ ಹಾಸಿ, ಮೀನಿನ ಚರ್ಮ ಕೆಳಗೆ ಬರೋ ಹಾಗೆ ಇಡಿ. ಎಣ್ಣೆ, ಉಪ್ಪು, ಮೆಣಸು, ಬೆಳ್ಳುಳ್ಳಿ, ನಿಂಬೆ. ಕಾಲು ಗಂಟೆ ಅಷ್ಟೇ. ಸ್ನಾನ ಮಾಡಿ ಬರೋದ್ರೊಳಗೆ ಊಟ ರೆಡಿ. ಹಾಂ, ಬಾಲದ ತುಂಡು ತಗೊಂಡ್ರೆ ತೆಳ್ಳಗಿರೋ ತುದೀನ ಅಡಿಗೆ ಮಡಚಿ ಇಡಿ, ಇಲ್ಲಾಂದ್ರೆ ಒಣಗಿ ಹೋಗುತ್ತೆ."

ಹೀಗೆ ಆ ಬಡಾವಣೆಯಲ್ಲಿ ಮದುವೆಯಾಗದ ಹುಡುಗರು, ಒಂಟಿ ನರ್ಸುಗಳು, ಮೊಟ್ಟೆ ಬೇಯಿಸಲೂ ಬಾರದ ಮೇಷ್ಟರು, ಎಲ್ಲರಿಗೂ ಸಾಲ್ಮನ್ ಬೇಯಿಸಲು ಕಲಿಸಿದವಳು ಅವಳು. ಅಂಗಡಿಯಲ್ಲಿ ಹುಲಿ. ಆದರೆ ಮನೆಯಲ್ಲಿ ಇಲಿ. ಇದನ್ನು ನಾನು ಹೇಳುತ್ತಿಲ್ಲ, ಅವಳೇ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ.

ಮನೆ ಮೂರನೆಯ ಮಹಡಿಯಲ್ಲಿ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಫ್ರಿಜ್ಜಿನ ಬಾಗಿಲು ತೆಗೆಯುವಂತಿಲ್ಲ. ಅಲ್ಲಿರುವವರು ಐದು ಜನ. ಗಂಡ, ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು, ಸಾಧು ಮನುಷ್ಯ. ಹೈಸ್ಕೂಲಿಗೆ ಹೋಗುವ ಮಗಳು, ಪುಟ್ಟಿ. ಅತ್ತೆ. ಆಮೇಲೆ ಭಾವ, ಅಂದರೆ ಗಂಡನ ಅಣ್ಣ. ಬಸ್ಸುಗಳಲ್ಲಿ ಟಿಕೆಟ್ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವನು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ಓದು ಬಿಟ್ಟು ದುಡಿದು ತಮ್ಮನನ್ನು ಬೆಳೆಸಿದವನು, ಆ ಋಣವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಊಟಕ್ಕೆ ಕೂತರೆ ಮಾತ್ರ ಇವತ್ತಿಗೂ ಒಬ್ಬೊಬ್ಬರ ತಟ್ಟೆಯನ್ನೂ ಟಿಕೆಟ್ ನೋಡಿದ ಹಾಗೆ ನೋಡುತ್ತಾನೆ.

ಬುಧವಾರ ಚೂರಿಯಕ್ಕನಿಗೆ ಕೆಲಸ ಬೇಗ ಮುಗಿಯುತ್ತದೆ, ಹಾಗಾಗಿ ಬುಧವಾರ ಮನೆಯಲ್ಲಿ ಸಾಲ್ಮನ್. ತರುವುದು ಇವಳು. ಓವನ್ನಿಗೆ ಇಡುವುದು, ತೆಗೆಯುವುದು, ಬಡಿಸುವುದು ಅತ್ತೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು ಅನ್ನುತ್ತಾರೆ. ಈ ಮನೆಯಲ್ಲಿ ಆ ಗಾದೆಯ ಲಾಭವೆಲ್ಲ ಒಬ್ಬನಿಗೆ. ನಡುವಿನ ದಪ್ಪ ತುಂಡು, ಎಲ್ಲಕ್ಕಿಂತ ದೊಡ್ಡದು, ಮೊದಲೇ ಒಂದು ತಟ್ಟೆಗೆ ಹೋಗುತ್ತದೆ. ಅದರ ಮೇಲೆ ಸ್ಟೀಲ್ ಬಟ್ಟಲೊಂದು ಬೋರಲು ಬೀಳುತ್ತದೆ. ಭಾವ ಕೇರಂ ಕ್ಲಬ್ಬಿನಿಂದ ಎಂಟು ಗಂಟೆಗೋ ಎಂಟೂವರೆಗೋ ಬಂದು ಬಟ್ಟಲು ಎತ್ತಬೇಕು, ಆವರೆಗೆ ಅದರ ಹತ್ತಿರ ಗಾಳಿಯೂ ಸುಳಿಯುವಂತಿಲ್ಲ. ನಂತರದ ತುಂಡು ಗಂಡನಿಗೆ. ಉಳಿದ ಬಾಲವನ್ನು ಮೂರು ಭಾಗ ಮಾಡಿ ಅತ್ತೆ, ಸೊಸೆ, ಮೊಮ್ಮಗಳು ಹಂಚಿಕೊಳ್ಳಬೇಕು.

ಇದರ ಮೇಲೆ ಅತ್ತೆಯ ಓವನ್ ಶಾಸ್ತ್ರ ಬೇರೆ. ಬೆಂದಿದೆಯೋ ಇಲ್ಲವೋ ಅನ್ನುವ ಅನುಮಾನಕ್ಕೆ ಇನ್ನೊಂದಿಷ್ಟು ಹೊತ್ತು, ಇರಲಿ ಅಂತ ಮೇಲೆ ಸ್ವಲ್ಪ. ದಪ್ಪ ತುಂಡು ಅದನ್ನೆಲ್ಲ ತಡೆದುಕೊಳ್ಳುತ್ತದೆ. ಬಾಲ ಚಪ್ಪಲಿಯ ಅಟ್ಟೆಯಾಗುತ್ತದೆ. ಹೊಸದಾಗಿ ಮದುವೆಯಾಗಿ ಬಂದಾಗ ಆ ಅಟ್ಟೆಯನ್ನು ಬಾಯಲ್ಲಿ ಆಚೆ ಈಚೆ ಹೊರಳಿಸುತ್ತ ಕೂತಿದ್ದ ಸೊಸೆಗೆ ಅತ್ತೆ ಹೇಳಿದ್ದರು: "ತಿನ್ನು ತಿನ್ನು, ಬಾಲದಲ್ಲೇ ರುಚಿ ಜಾಸ್ತಿ." ಹೊಸ ಸೊಸೆ ಏನು ಹೇಳಬೇಕು? "ಹೌದು ಅತ್ತೆ, ನನಗೂ ಅದೇ ಇಷ್ಟ" ಎಂದಳು. ಬಾಯಿಂದ ಬಿದ್ದದ್ದು ಒಂದೇ ಒಂದು ಸುಳ್ಳು, ಅದೂ ಮರ್ಯಾದೆಗೆ. ಆದರೆ ಗಂಡ ಎದುರಿಗೆ ಕೂತಿದ್ದ, ಕೇಳಿಸಿಕೊಂಡ, ಮನಸ್ಸಿನಲ್ಲಿ ಇಟ್ಟುಕೊಂಡ. ಆಮೇಲೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದಾಗಲೆಲ್ಲ ಎಲ್ಲೆಲ್ಲಿಂದಲೋ ಬಾಲ ತಂದುಕೊಟ್ಟ. ಒಮ್ಮೆ ಅವಳ ಹುಟ್ಟಿದ ದಿನಕ್ಕೆ ಬಣ್ಣದ ಕಾಗದ ಸುತ್ತಿದ ಡಬ್ಬಿ ಕೊಟ್ಟ, ತೆರೆದು ನೋಡಿದರೆ ಒಳಗೆ ಸಾಲ್ಮನ್ನಿನ ಬಾಲ. ಅವಳು ನಗುನಗುತ್ತ ತಿಂದಳು. ಹೀಗೆ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಇಷ್ಟೇ ಆಗಿದ್ದರೆ ಅವಳು ಜೀವನಪೂರ್ತಿ ಬಾಲ ತಿಂದುಕೊಂಡು ಇದ್ದುಬಿಡುತ್ತಿದ್ದಳೇನೋ. ಅವಳನ್ನು ಕೆಣಕಿದ್ದು ಬೇರೆಯೇ ಸಂಗತಿ.

ಕಳೆದ ಶನಿವಾರ ಅಂಗಡಿಯಲ್ಲಿ ರುಚಿ ನೋಡುವ ಕಾರ್ಯಕ್ರಮ. ವ್ಯಾಪಾರ ಕುದುರಲಿ ಅಂತ ಆಗಾಗ ಮಾಡುತ್ತಾರೆ. ಕೌಂಟರಿನ ಪಕ್ಕ ಮೇಜು ಹಾಕಿ, ಇಡೀ ಸಾಲ್ಮನ್ನಿನ ಒಂದು ಮಗ್ಗುಲನ್ನೇ ಬೇಯಿಸಿಟ್ಟು, ಅಂಗಡಿಯ ಅಡುಗೆಯವನು ಬಂದವರಿಗೆಲ್ಲ ಕಾಗದದ ತಟ್ಟೆಯಲ್ಲಿ ಕೊಡುತ್ತಿದ್ದ. ಪುಟ್ಟಿ ಈಜಿನ ಅಭ್ಯಾಸ ಮುಗಿಸಿ, ಒದ್ದೆ ಜಡೆ ಹಿಂಡಿಕೊಳ್ಳುತ್ತ, ಇಬ್ಬರು ಗೆಳತಿಯರ ಜೊತೆ ಬಂದಳು. ಗೆಳತಿಯರಿಬ್ಬರೂ ನಡುವಿನ ಕಡೆಗೆ ಬೆರಳು ಮಾಡಿದರು. ದಪ್ಪಗೆ, ಎಸಳೆಸಳಾಗಿ ಬಿಟ್ಟುಕೊಂಡಿದ್ದ, ನಿಂಬೆಯ ಬಿಲ್ಲೆ ಹೊತ್ತ ಆ ತುಂಡುಗಳನ್ನು ಅಡುಗೆಯವನು ಎತ್ತಿ ಕೊಟ್ಟ.

"ನಿನಗೆ ಯಾವುದಮ್ಮ?" ಎಂದು ಪುಟ್ಟಿಯನ್ನು ಕೇಳಿದ.

"ನನಗೆ ಬಾಲದ್ದು ಸಾಕು ಅಂಕಲ್" ಎಂದಳು ಪುಟ್ಟಿ. "ಬಾಲದಲ್ಲೇ ರುಚಿ ಜಾಸ್ತಿ."

ಕತ್ತು ಒಂದಿಷ್ಟು ಓರೆ ಮಾಡಿ, ತುಟಿಯಂಚಿನಲ್ಲಿ ನಕ್ಕು, ಥೇಟ್ ಅಜ್ಜಿಯ ದನಿಯಲ್ಲಿ. ಟ್ರೇ ತುಂಬ ಮೀನಿತ್ತು. ಯಾರೂ ಅವಳಿಗೆ ಕಡಿಮೆ ತಗೋ ಅಂದಿರಲಿಲ್ಲ. ಕೌಂಟರಿನ ಹಿಂದಿನಿಂದ ಚೂರಿಯಕ್ಕ ನೋಡುತ್ತಲೇ ನಿಂತಳು. ಹುಡುಗಿ ಬಾಲವನ್ನು ಅಗಿದಳು, ಅಗಿದೇ ಅಗಿದಳು, ನುಂಗಿದಳು. ಆಮೇಲೆ ಗೆಳತಿಯರ ತಟ್ಟೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ ಸರಕ್ಕನೆ ಬೇರೆ ಕಡೆ ತಿರುಗಿಸಿಕೊಂಡಳು. ಆ ನೋಟ ಚೂರಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವಳದೇ ನೋಟವಾಗಿತ್ತು.

ಆ ರಾತ್ರಿ ಮಗಳ ಜಡೆ ಬಿಚ್ಚುತ್ತ ಕೇಳಿದಳು. "ನಿನಗೆ ನಿಜವಾಗ್ಲೂ ಬಾಲ ಇಷ್ಟಾನಾ?"

"ನೀನೂ ಅದನ್ನೇ ತಿಂತೀಯಲ್ಲಮ್ಮ."

"ನಡುವಿಂದು ಯಾವತ್ತಾದ್ರೂ ತಿಂದು ನೋಡಿದ್ದೀಯಾ?"

"ಅದು ದೊಡ್ಡಪ್ಪಂದು ಅಲ್ವಾ?"

"ಅಂಗಡೀಲಿ ದೊಡ್ಡಪ್ಪ ಎಲ್ಲಿದ್ರು?"

ಪುಟ್ಟಿ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದಳು. "ಗೊತ್ತಿಲ್ಲಮ್ಮ, ಬಾಯಿಗೆ ಬಂತು, ಅಂದೆ" ಎಂದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಹೊಗಳುವಾಗ ಜನ ಇಂಥದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಳೆ ಈ ಹುಡುಗಿ ತರಗತಿಯಲ್ಲಿ ಕೊನೆಯ ಬೆಂಚು ಸಾಕು ಅಂದಾಳು, ಕೆಲಸದಲ್ಲಿ ಟ್ರೇ ತೊಳೆಯುವುದೇ ಸಾಕು ಅಂದಾಳು, ನಗುನಗುತ್ತ ಅಂದಾಳು. ಚೂರಿಯಕ್ಕನಿಗೆ ಮೈಯೆಲ್ಲ ಉರಿಯಿತು. ಅತ್ತೆಯ ಮೇಲಲ್ಲ, ಭಾವನ ಮೇಲೂ ಅಲ್ಲ, ತನ್ನದೇ ನಾಲಿಗೆಯ ಮೇಲೆ.

ಬುಧವಾರ ಬಂತು. ಕೆಲಸ ಮುಗಿಯುವ ಮುನ್ನ ಐಸಿನ ಮೇಲಿದ್ದ ಅತ್ಯುತ್ತಮ ಮೀನನ್ನು ಎತ್ತಿ, ತನ್ನ ಮನೆಗೆಂದು ತಾನೇ ಕತ್ತರಿಸಿದಳು. ನಡುವಿನಿಂದ ಒಂದೇ ಅಳತೆಯ ನಾಲ್ಕು ದಪ್ಪ ತುಂಡು, ಜೊತೆಗೆ ಒಂದು ಬಾಲ. ಪಕ್ಕದಲ್ಲಿದ್ದ ಪ್ಯಾಕಿಂಗ್ ಹುಡುಗಿ "ಏನಕ್ಕ, ಮನೇಲಿ ವಿಶೇಷ?" ಎಂದಳು.

"ಯುದ್ಧ" ಎಂದಳು ಚೂರಿಯಕ್ಕ. ಹುಡುಗಿ ಜೋಕು ಅಂದುಕೊಂಡು ನಕ್ಕಳು.

ಮನೆಗೆ ಬಂದವಳೇ ಕೈ ತೊಳೆದು ಓವನ್ ಹಾಕಿದಳು. ಅತ್ತೆ ಅಷ್ಟರಲ್ಲಿ ಟ್ರೇ ಹಿಡಿದು ನಿಂತಾಗಿತ್ತು.

"ಇವತ್ತು ನಾನೇ ಮಾಡ್ತೀನಿ ಅತ್ತೆ. ನೀವು ಕೂತ್ಕೊಳ್ಳಿ."

"ಯಾಕೆ, ನನಗೇನು ಕಾಯಿಲೆನಾ?"

"ಕಾಯಿಲೆ ಬಂದ್ರೇನೇ ಕೂರಬೇಕಾ? ಕೂತ್ಕೊಳ್ಳಿ."

ಅತ್ತೆ ಕೂತರು, ಆದರೆ ಕೂತದ್ದು ಅಡುಗೆಮನೆಯ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು. ಚೂರಿಯಕ್ಕ ಆಲೂಗಡ್ಡೆ ಉದ್ದುದ್ದ ಹೋಳು ಮಾಡಿ, ಎಣ್ಣೆ ಉಪ್ಪು ಸವರಿ, ಮೊದಲು ಅದನ್ನು ಒಳಗೆ ತಳ್ಳಿದಳು. ಆಲೂಗಡ್ಡೆಗೆ ಮೀನಿಗಿಂತ ಹೆಚ್ಚು ಹೊತ್ತು ಬೇಕು. ಮೀನಿನ ತುಂಡುಗಳನ್ನು ಕಾಗದದಿಂದ ಒತ್ತಿ ಒಣಗಿಸಿದಳು. ಬೆರಳ ತುದಿಯನ್ನು ಮೆಲ್ಲಗೆ ಎಳೆಯುತ್ತ, ಎಲ್ಲೋ ಉಳಿದಿದ್ದ ಒಂದೆರಡು ಮುಳ್ಳು ಹುಡುಕಿ ಚಿಮಟದಿಂದ ಕಿತ್ತಳು. ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಒಂದು ಚಮಚ ಜೇನು, ಅರೆದ ಸಾಸಿವೆ, ನಿಂಬೆ ರಸ ಎಲ್ಲ ಕಲಸಿ ಮೀನಿನ ಮೇಲೆ ಬಳಿದಳು. ಆಲೂಗಡ್ಡೆಯ ಅಂಚು ಕೆಂಪಗಾಗತೊಡಗಿದಾಗ ಟ್ರೇ ಹೊರಗೆಳೆದು, ಅದನ್ನು ಬದಿಗೆ ಸರಿಸಿ, ನಡುವೆ ನಾಲ್ಕು ತುಂಡು ಸಾಲಾಗಿ ಇಟ್ಟಳು, ಮೂಲೆಯಲ್ಲಿ ಬಾಲ.

ಅಭ್ಯಾಸಬಲ ಅನ್ನುವುದು ದೊಡ್ಡದು. ಬಾಲದ ತುದಿಯನ್ನು ಅಡಿಗೆ ಮಡಚಲು ಅವಳ ಬೆರಳು ತಾನಾಗಿ ಮುಂದೆ ಹೋಯಿತು. ಅಷ್ಟು ಜನಕ್ಕೆ ಹೇಳಿಕೊಟ್ಟ ಬೆರಳದು. ಅವಳು ಅದನ್ನು ಅಲ್ಲೇ ತಡೆದಳು. ನಾವು ಇಷ್ಟು ವರ್ಷ ಹೇಗೆ ತಿಂದೆವೋ ಹಾಗೇ ಇರಲಿ, ಒಂದು ಸಲ. ಬಾಲವನ್ನು ಬಿಡಿಸಿದ ಹಾಗೇ ಬಿಟ್ಟು ಓವನ್ ಬಾಗಿಲು ಹಾಕಿದಳು.

"ಎಷ್ಟು ಹೊತ್ತು ಇಡ್ತೀಯ?" ಎಂದರು ಅತ್ತೆ.

"ಕಾಲು ಗಂಟೆ."

"ಹಸಿ ಇರುತ್ತೆ."

"ಇರಲ್ಲ."

ಗಂಡ ಬಂದು, ಕೈಗೆ ಮೆತ್ತಿದ ಗಾಜು ಕೂರಿಸುವ ಅಂಟನ್ನು ತಿಕ್ಕಿ ತೊಳೆದುಕೊಂಡು ಮೇಜಿಗೆ ಕೂತ. ಮಗಳು ತಟ್ಟೆ ಇಟ್ಟಳು. ಅತ್ತೆ ಎದ್ದು ಕಪಾಟಿನಿಂದ ಸ್ಟೀಲ್ ಬಟ್ಟಲು ತಂದು ಐದನೆಯ ತಟ್ಟೆಯ ಪಕ್ಕ ಇಟ್ಟರು. ಚೂರಿಯಕ್ಕ ಟ್ರೇ ಹೊರಗೆ ತೆಗೆದು, ಫೋರ್ಕಿನ ತುದಿಯಿಂದ ಒಂದು ತುಂಡನ್ನು ಒತ್ತಿ ನೋಡಿದಳು. ಎಸಳು ಮೆತ್ತಗೆ ಬಿಟ್ಟುಕೊಂಡಿತು. ಮೇಲೆ ಬಳಿದ ಜೇನು ಸಾಸಿವೆ ಕಂದುಬಣ್ಣಕ್ಕೆ ಬಂದಿತ್ತು, ನಿಂಬೆಯ ವಾಸನೆ ಮೂರು ಕೋಣೆಗೂ ಹರಡಿತು. ಮೂಲೆಯ ಬಾಲ ಮಾತ್ರ ಸುರುಟಿಕೊಂಡು ಬಿದ್ದಿತ್ತು.

ಅತ್ತೆ ಸಟ್ಟುಗಕ್ಕೆ ಕೈ ಚಾಚಿದರು. ಸೊಸೆ ಅದನ್ನು ಮೊದಲೇ ಹಿಡಿದುಕೊಂಡಿದ್ದಳು. ಮೊದಲ ತುಂಡು ಪುಟ್ಟಿಯ ತಟ್ಟೆಗೆ. ಎರಡನೆಯದು ಅತ್ತೆಯ ತಟ್ಟೆಗೆ. ಮೂರನೆಯದು ಗಂಡನಿಗೆ. ನಾಲ್ಕನೆಯದು ತನಗೆ. ಬಾಲವನ್ನು ಐದನೆಯ ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಬೇಕಾದಷ್ಟು ಆಲೂಗಡ್ಡೆ ಹಾಕಿ, ಅತ್ತೆಯ ಬಟ್ಟಲನ್ನೇ ಅದರ ಮೇಲೆ ಬೋರಲು ಹಾಕಿದಳು.

"ದೊಡ್ಡೋನಿಗೆ?" ಎಂದರು ಅತ್ತೆ.

"ಇಟ್ಟಿದ್ದೀನಲ್ಲ."

"ಅದು ಬಾಲ."

"ಬಾಲದಲ್ಲೇ ಅಲ್ವಾ ಅತ್ತೆ ರುಚಿ ಜಾಸ್ತಿ?"

ಗಂಡನಿಗೆ ಏನೋ ತಪ್ಪಾಗಿದೆ ಅನ್ನಿಸಿತು. ಸಾಧು ಮನುಷ್ಯ, ತಪ್ಪು ಸರಿಪಡಿಸಲು ಹೊರಟ. "ಅಮ್ಮ, ಅವಳಿಗೆ ಸುಸ್ತಾಗಿ ಅದಲುಬದಲಾಗಿದೆ ಅಷ್ಟೇ" ಎಂದು ಬಟ್ಟಲು ಎತ್ತಿ, ಹೆಂಡತಿಯ ಕಡೆ ತಿರುಗಿ ಮುದ್ದಾಗಿ "ಬಾಲ ನೀನು ತಗೋ. ನಿನಗೆ ಅದೇ ಇಷ್ಟ ಅಲ್ವಾ" ಎಂದ.

"ರೀ, ಬಟ್ಟಲು ಮುಚ್ಚಿ. ನನಗೆ ಬಾಲ ಇಷ್ಟ ಇಲ್ಲ."

"ಅಂದ್ರೆ? ಇವತ್ತಾ?"

"ಯಾವತ್ತೂ ಇರಲಿಲ್ಲ."

"ನಿನ್ನ ಹುಟ್ಟಿದ ದಿನಕ್ಕೆ ಕಾಗದ ಸುತ್ತಿ ತಂದಿದ್ದೆನಲ್ಲೇ!"

"ತಂದಿದ್ರಿ. ತಿಂದೆ. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ."

ಪಾಪ, ಅವನ ಮುಖ ನೋಡಬೇಕಿತ್ತು. ಕೈ ತಪ್ಪಿ ದೊಡ್ಡ ಗಾಜು ಬಿದ್ದಾಗಲೂ ಅವನು ಅಷ್ಟು ಕಂಗಾಲಾದವನಲ್ಲ. ಬಟ್ಟಲನ್ನು ಮೆಲ್ಲನೆ ಮುಚ್ಚಿ, ಕೈ ಹಿಂದಕ್ಕೆ ತೆಗೆದುಕೊಂಡ.

ಅತ್ತೆಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಹೊಟ್ಟೆಬಾಕಿ" ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. "ದುಡಿದು ಮನೆ ನಿಲ್ಲಿಸಿದೋನಿಗೆ ಒಂದು ತುಂಡು ಮೀನು ಬಿಟ್ಟುಕೊಡೋಕೆ ಆಗಲ್ವಾ ನಿನಗೆ? ಮಗಳ ಮುಂದೇನೇ? ಹೊಟ್ಟೆಬಾಕಿ!"

"ಹೌದು" ಎಂದಳು ಚೂರಿಯಕ್ಕ. ಅವಳ ದನಿ ಏರಲಿಲ್ಲ. "ಹೊಟ್ಟೆ ಇದೆ ನನಗೆ. ದಿನವಿಡೀ ನಿಂತು ಊರಿಗೆಲ್ಲ ನಡುತುಂಡು ಕತ್ತರಿಸಿ ಕೊಡ್ತೀನಿ. ಕೈ ನನ್ನದು ಕೆಸರು, ಬಾಯಿ ಬೇರೆಯವರದು ಮೊಸರು. ನನ್ನದಾದ್ರೂ ಹೋಗಲಿ, ನಾನು ಒಪ್ಪಿಕೊಂಡು ತಿಂದೆ. ಇವಳು ಯಾಕೆ ತಿನ್ನಬೇಕು?"

ಪುಟ್ಟಿ ಅಲ್ಲಿಯವರೆಗೆ ಫೋರ್ಕ್ ಮುಟ್ಟಿರಲಿಲ್ಲ. ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಜಗಳ ನಿಲ್ಲಲಿ ಅನ್ನುವುದಷ್ಟೇ ಅವಳಿಗೆ ಬೇಕಿತ್ತು. ತನ್ನ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ ಸಣ್ಣ ದನಿಯಲ್ಲಿ ಹೇಳಿದಳು:

"ನಂದನ್ನ ದೊಡ್ಡಪ್ಪಂಗೆ ಇಡಿ. ನನಗೆ ಬಾಲ ಸಾಕು."

ಇಷ್ಟೆಲ್ಲ ಮಾಡಿ, ಬೈಸಿಕೊಂಡು, ತಟ್ಟೆಗೆ ಹಾಕಿ ಕೊಟ್ಟರೂ ಹುಡುಗಿ ತಾನಾಗಿ ತಳ್ಳುತ್ತಿದ್ದಾಳೆ. ಚೂರಿಯಕ್ಕ ಆ ತಟ್ಟೆಯನ್ನು ಅಲ್ಲೇ ಹಿಡಿದು ನಿಲ್ಲಿಸಿ ಅತ್ತೆಯ ಕಡೆ ತಿರುಗಿದಳು.

"ಕೇಳಿಸ್ಕೊಂಡ್ರಾ ಅತ್ತೆ? ಇದು ಇವಳ ಮಾತಲ್ಲ. ಅಂಗಡೀಲಿ ಟ್ರೇ ತುಂಬ ಮೀನಿತ್ತು, ಯಾರೂ ತಡೀಲಿಲ್ಲ, ಅಲ್ಲೂ ಇದನ್ನೇ ಹೇಳಿದ್ಳು. ನಿಮ್ಮ ಹಾಗೇ ಕತ್ತು ಓರೆ ಮಾಡ್ಕೊಂಡು. ನೀವು ನನಗೆ ಕೊಟ್ರಿ, ನಾನು ಇವಳಿಗೆ ಕೊಟ್ಟೆ. ಈಗ ನೀವೇ ಹೇಳಿ. ಬಾಲದಲ್ಲಿ ರುಚಿ ಜಾಸ್ತಿ ಅಂತೀರಲ್ಲ, ಯಾವುದಕ್ಕಿಂತ ಜಾಸ್ತಿ? ನಡುತುಂಡು ತಿಂದಿದ್ದೀರಾ, ಯಾವತ್ತಾದ್ರೂ?"

ಅತ್ತೆ "ನಮ್ಮತ್ತೆ ಹೇಳ್ತಿದ್ಳು" ಎಂದರು.

"ನಾನು ಅದನ್ನ ಕೇಳಲಿಲ್ಲ."

ಮುದುಕಿಯ ಹುಬ್ಬು ಗಂಟಿಕ್ಕಿತು. ಹಟಕ್ಕೆ ಬಿದ್ದರೆ ಅತ್ತೆಯೂ ಸೊಸೆಗಿಂತ ಕಡಿಮೆಯವರಲ್ಲ. "ಏನು ಮಹಾ ಇರುತ್ತೆ ಇದರಲ್ಲಿ, ನೋಡೇ ಬಿಡ್ತೀನಿ" ಎಂದು, ಭೇದಿ ಮಾತ್ರೆ ನುಂಗುವವರ ಮುಖ ಮಾಡಿಕೊಂಡು, ತನ್ನ ತುಂಡಿನಿಂದ ಒಂದು ಎಸಳು ಮುರಿದು ಬಾಯಿಗೆ ಹಾಕಿಕೊಂಡರು.

ಅಗಿಯಲು ಸಿದ್ಧವಾಗಿದ್ದ ದವಡೆಗೆ ಅಲ್ಲಿ ಕೆಲಸವಿರಲಿಲ್ಲ. ಮೀನು ಕರಗಿ ಹೋಯಿತು. ಅತ್ತೆ ಎರಡನೆಯ ಎಸಳು ಮುರಿದರು. ಮೂರನೆಯದು. ಚೆನ್ನಾಗಿದೆ ಅನ್ನಲಿಲ್ಲ, ತಲೆ ಎತ್ತಲೂ ಇಲ್ಲ. ಗಂಡ, ಹೆಂಡತಿ, ಮಗಳು ಮೂವರೂ ಅವರನ್ನೇ ನೋಡುತ್ತಿದ್ದರು. ತುಂಡು ಅರ್ಧ ಮುಗಿದ ಮೇಲೆ ಅತ್ತೆ ಮೇಜಿನ ನಡುವಿನಲ್ಲಿದ್ದ ತಟ್ಟೆಯನ್ನು ಒಂದೇ ಕೈಯಿಂದ ಮೊಮ್ಮಗಳ ಮುಂದಕ್ಕೆ ಎಳೆದಿಟ್ಟರು.

"ತಿನ್ನೇ. ಆರಿ ಹೋಗುತ್ತೆ."

ಪುಟ್ಟಿ ತಿಂದಳು. ಮೊದಲು ಹೆದರಿಕೊಂಡು, ಆಮೇಲೆ ಹೆದರಿಕೆ ಮರೆತು. "ಅಮ್ಮಾ, ಇದು ಹೀಗಿರುತ್ತಾ?" ಎಂದಳು ತುಂಬಿದ ಬಾಯಲ್ಲಿ. ಚೂರಿಯಕ್ಕ "ಹೂಂ, ಹೀಗೇ ಇರುತ್ತೆ" ಎಂದು ತನ್ನ ತಟ್ಟೆಗೆ ಕೈ ಹಾಕಿದಳು. ತಾನೂ ತನ್ನ ಮನೆಯಲ್ಲಿ ಕೂತು ಈ ತುಂಡು ತಿನ್ನುತ್ತಿರುವುದು ಇದೇ ಮೊದಲು ಎಂದು ಅವಳಿಗೆ ಆಗ ನೆನಪಾಯಿತು. ಗಂಡ ತನ್ನ ತುಂಡಿನಲ್ಲಿ ಒಂದು ಚೂರು ಮುರಿದು ಅವಳ ತಟ್ಟೆಯ ಅಂಚಿಗೆ ಇಟ್ಟ. ಅವಳು ಬೇಡ ಅನ್ನಲಿಲ್ಲ.

ಎಂಟೂವರೆಗೆ ಭಾವ ಬಂದ. ಕೇರಂನಲ್ಲಿ ಗೆದ್ದಿದ್ದ, ಗುನುಗುತ್ತ ಕೈ ತೊಳೆದು ಕೂತ, ಎಂದಿನ ಹಾಗೆ ಬಟ್ಟಲು ಎತ್ತಿದ. ಗುನುಗು ನಿಂತಿತು.

"ಇದೇನಮ್ಮ?"

ಚೂರಿಯಕ್ಕ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಬಾಲ. ಬಾಲದಲ್ಲೇ ರುಚಿ ಜಾಸ್ತಿ."

"ಯಾರು ಹೇಳಿದ್ದು?"

"ನಾನೇ ಹೇಳ್ತಿರೋದು. ಇಷ್ಟು ವರ್ಷದಿಂದ ಹೇಳ್ತಿದ್ದೀನಿ, ನಿನಗೆ ಕೇಳಿಸಿಲ್ವಾ? ತಿನ್ನು."

ಅಮ್ಮನ ಎದುರು ಇನ್ಸ್‌ಪೆಕ್ಟರಾದರೂ ಅಷ್ಟೇ. ಭಾವ ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿದ. ಆ ಕಡೆಯಿಂದ ಈ ಕಡೆಗೆ ಹೊರಳಿಸಿದ. ನೀರು ಕುಡಿದ.

"ಒಣಗಿದೆಯಲ್ಲ" ಎಂದ.

"ಹೌದು ಭಾವ" ಎಂದಳು ಚೂರಿಯಕ್ಕ. "ಅದು ಯಾವಾಗ್ಲೂ ಒಣಗೇ ಇರುತ್ತೆ."

ಅವನಿಗೆ ಅರ್ಥವಾಗಲಿಲ್ಲ. ಅವನೇನು ಕೆಟ್ಟವನಲ್ಲ, ನಡುತುಂಡು ಬೇಕು ಎಂದು ಬಾಯಿಬಿಟ್ಟು ಕೇಳಿದವನೂ ಅಲ್ಲ. ಬಟ್ಟಲು ಎತ್ತಿದರೆ ಅಲ್ಲಿರುತ್ತಿತ್ತು, ತಿನ್ನುತ್ತಿದ್ದ. ಬಟ್ಟಲಿನಡಿ ಅದು ಹೇಗೆ ಬಂತು ಎಂದು ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಈಗ ಹಳೆಯ ಅಭ್ಯಾಸದಂತೆ ಒಬ್ಬೊಬ್ಬರ ತಟ್ಟೆಯನ್ನೂ ಪರೀಕ್ಷಿಸಿದ. ಎಲ್ಲ ಖಾಲಿ. ಅತ್ತೆಯ ತಟ್ಟೆಯಲ್ಲಿ ಮೀನಿನ ಚರ್ಮವೂ ಉಳಿದಿರಲಿಲ್ಲ.

"ನಡುತುಂಡು ಯಾರು ತಿಂದ್ರು?" ಎಂದ.

ಚೂರಿಯಕ್ಕ ಮಗಳ ಕಡೆ ನೋಡಲಿಲ್ಲ. ನೋಡಬಾರದೆಂದು ಮೇಜಿನ ಮೇಲೆ ಬಿದ್ದಿದ್ದ ನಿಂಬೆಬೀಜವೊಂದನ್ನೇ ದಿಟ್ಟಿಸುತ್ತ ಕೂತಳು. ಹುಡುಗಿ ಏನು ಹೇಳುತ್ತಾಳೋ ಅದನ್ನು ಅವಳೇ ಹೇಳಬೇಕಿತ್ತು. ಕುರ್ಚಿ ಕಿರ್ರೆಂದಿತು.

"ನಾನು, ದೊಡ್ಡಪ್ಪ" ಎಂದಳು ಪುಟ್ಟಿ. ತರಗತಿಯಲ್ಲಿ ಎತ್ತಿದ ಹಾಗೆ ಕೈ ಎತ್ತಿದ್ದಳು. ದೊಡ್ಡಪ್ಪ ನೋಡುತ್ತಲೇ ಇದ್ದ, ಅವಳು ಕೈ ಇಳಿಸಲಿಲ್ಲ. "ತುಂಬ ಚೆನ್ನಾಗಿತ್ತು. ಮುಂದಿನ ವಾರಾನೂ ನನಗೆ ಅದೇ ಬೇಕು."

ಭಾವ ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡು ಬಾಲ ಮುಗಿಸಿದ.

ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೂ ಸಿಂಕಿನ ಮುಂದೆ ನಿಂತರು. ಇವಳು ತೊಳೆದಳು, ಅವರು ಒರೆಸಿದರು. ಹೊಟ್ಟೆಬಾಕಿ ಅಂದದ್ದಕ್ಕೆ ತಪ್ಪಾಯಿತು ಅನ್ನುವ ಜಾಯಮಾನ ಅತ್ತೆಯದಲ್ಲ, ಅನ್ನಲಿ ಎಂದು ಸೊಸೆಯೂ ಕಾದಿರಲಿಲ್ಲ. ಕೊನೆಗೆ ಸ್ಟೀಲ್ ಬಟ್ಟಲು ಉಳಿಯಿತು. ಅತ್ತೆ ಅದನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಮ್ಮತ್ತೆ ಇವತ್ತು ಬದುಕಿದ್ದಿದ್ರೆ ಕೇಳ್ತಿದ್ದೆ" ಎಂದರು.

"ಏನಂತ?"

"ನೀನಾದ್ರೂ ತಿಂದಿದ್ಯಾ ಅಂತ."

ಚೂರಿಯಕ್ಕ ನಲ್ಲಿ ನಿಲ್ಲಿಸಿದಳು. ಅತ್ತೆ ಬಟ್ಟಲನ್ನು ಒಯ್ದು, ಕಪಾಟಿನಲ್ಲಿ ಬೇರೆ ಬಟ್ಟಲುಗಳ ಜೊತೆ ಜೋಡಿಸಿಟ್ಟು, ಬಾಗಿಲು ಹಾಕಿದರು.